ಎದೆಗೆ ಪಟ್ಟಿ ಕಟ್ಟಿಕೊಂಡು

ಅಮ್ಮ ತೀರಿಕೊಂಡ ಮೇಲೆ, ಸಂಜೆ ಕೆಲಸದಿಂದ ಬಂದು ಮನೆಯ ಬೀಗ ತೆಗೆಯುವ ಹೊತ್ತಿಗೆ ನನಗೆ ಎದೆ ಹೊಡೆದುಕೊಳ್ಳಲು ಶುರುವಾಯಿತು. ಮೆಟ್ಟಿಲು ಹತ್ತಿ ಬಂದದ್ದಕ್ಕೆ ಇರಬೇಕು ಅಂದುಕೊಂಡು ಮೊದಮೊದಲು ಸುಮ್ಮನಿದ್ದೆ. ಆಮೇಲೆ ಒಂದು ದಿನ ಮೆಟ್ಟಿಲ ಬುಡದಲ್ಲೇ ಕೂತು ಸುಧಾರಿಸಿಕೊಂಡು, ನಿಧಾನವಾಗಿ ಹತ್ತಿ ಹೋದೆ. ಬೀಗಕ್ಕೆ ಕೀಲಿ ಹಾಕಿದ್ದೇ ತಡ, ಮತ್ತೆ ಅದೇ ಬಡಿತ, ಕಿವಿಗೆ ಕೇಳುವಷ್ಟು ಜೋರಾಗಿ. ಒಳಗೆ ಹೋಗಿ ದೀಪ ಹಾಕಿ, ಅಮ್ಮ ಮಲಗುತ್ತಿದ್ದ ಮಂಚದ ಮೇಲೆ ಕೂತು ಮಣಿಕಟ್ಟು ಹಿಡಿದು ನೋಡಿಕೊಂಡೆ. ನಾನು ನರ್ಸು. ಬೇರೆಯವರ ನಾಡಿ ಹಿಡಿಯುವುದು ನನ್ನ ಬೆರಳಿಗೆ ನೀರು ಕುಡಿದಷ್ಟು ಸಲೀಸು. ನನ್ನದನ್ನೇ ಹಿಡಿದುಕೊಂಡಾಗ ಮಾತ್ರ ಎಣಿಕೆ ತಪ್ಪುತ್ತಿತ್ತು.

ಆಗ ನಾನು ಬಿಡದಿಯ ಕೈಗಾರಿಕಾ ಪ್ರದೇಶದಲ್ಲಿ ವಾಹನಗಳ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿದ್ದೆ. ನಮ್ಮ ಊರು ಸಾತನೂರಿನ ಹತ್ತಿರ. ಅಲ್ಲಿ ತಮ್ಮ ಹಿಪ್ಪುನೇರಳೆ, ಹಸು ಅಂತ ನೋಡಿಕೊಂಡಿದ್ದ. ನಾನು ನರ್ಸಿಂಗ್ ಓದಿ ಕನಕಪುರದ ನರ್ಸಿಂಗ್ ಹೋಮುಗಳಲ್ಲಿ ಕೆಲಸ ಮಾಡಿ, ಕಾರ್ಖಾನೆಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲದಲ್ಲಿ ಬಿಡದಿಗೆ ಅರ್ಜಿ ಹಾಕಿದೆ. ಕೆಲಸ ಸಿಕ್ಕಿತು. ರಾಮನಗರದ ಐಜೂರಿನಲ್ಲಿ ಮಹಡಿ ಮನೆಯೊಂದನ್ನು ಬಾಡಿಗೆಗೆ ಹಿಡಿದೆ. ಅಷ್ಟರಲ್ಲಿ ಅಮ್ಮನಿಗೆ ಲಕ್ವ ಹೊಡೆಯಿತು. ನರ್ಸಾದ ಮಗಳು ಇರುವಾಗ ಬೇರೆ ಯಾರು ನೋಡಿಕೊಳ್ಳಬೇಕು ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಅಮ್ಮನನ್ನು ಕರೆತಂದೆ. ನನ್ನ ಮದುವೆಯ ಮಾತು ಆ ವರ್ಷಗಳಲ್ಲಿ ತಾನಾಗಿ ನಿಂತುಹೋಯಿತು. ಹಗಲು ಅಮ್ಮನ ಜೊತೆ ಇರಲು ಒಬ್ಬ ಹೆಂಗಸು ಬರುತ್ತಿದ್ದಳು. ಅಮ್ಮ ಹೋದ ಮೇಲೆ ಅವಳೂ ಗಾರ್ಮೆಂಟ್ಸ್ ಬಸ್ಸು ಹತ್ತಿದಳು.

ತಮ್ಮ ಫೋನು ಮಾಡಿದಾಗಲೆಲ್ಲ ಒಂದೇ ಮಾತು. "ಅಲ್ಲೇನು ಒಬ್ಬಳೇ ಕುಂತಿದ್ದೀಯ, ಊರಿಗೆ ಬಂದ್ಬುಡು ಕಣಕ್ಕ."

"ಹಬ್ಬಕ್ಕೆ ಬತ್ತೀನಿ ಬುಡು," ಅನ್ನುತ್ತಿದ್ದೆ.

ಅವನ ಮಾತಿನಲ್ಲಿ ಪ್ರೀತಿ ಇತ್ತು. ಆದರೆ ಊರಿನ ಆ ಮನೆಯಲ್ಲಿ ನಾನು ಎಲ್ಲಿ ಮಲಗಬೇಕು, ಯಾರ ಜೊತೆ ಏನು ಮಾತಾಡಬೇಕು ಅನ್ನುವುದು ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಕಾರ್ಖಾನೆಯಲ್ಲಿ ನನ್ನ ಕೋಣೆಯಲ್ಲಿ ಎರಡು ಮಂಚ, ಒಂದು ಔಷಧಿ ಬೀರು, ಒಂದು ಮೇಜು. ಬೆರಳು ಕೊಯ್ದುಕೊಂಡವರು, ಕಣ್ಣಿಗೆ ಕಬ್ಬಿಣದ ಪುಡಿ ಬಿದ್ದವರು, ತಲೆನೋವೆಂದು ಹೇಳಿ ಒಂದು ಗಳಿಗೆ ನಿದ್ದೆ ಮಾಡಲು ಬರುವವರು. ಬರುವವರೆಲ್ಲ ನನ್ನನ್ನು ಸಿಸ್ಟರ್ ಅನ್ನುತ್ತಿದ್ದರು. ಗಾಯ ಕಟ್ಟಿಸಿಕೊಂಡು ಹೋಗುತ್ತಿದ್ದರು. ವಾರಕ್ಕೊಮ್ಮೆ ಬರುವ ಡಾಕ್ಟರಿಗೆ ನನ್ನ ಎದೆಬಡಿತದ ವಿಷಯ ಹೇಳಿದೆ. ಅವರು ಇಸಿಜಿ ತೆಗೆಸಿದರು, ರಕ್ತ ಪರೀಕ್ಷೆ ಮಾಡಿಸಿದರು.

"ಏನೂ ಇಲ್ಲ ಸಿಸ್ಟರ್. ಹಾರ್ಟು ಚೆನ್ನಾಗೇ ಇದೆ. ಬೆಳಿಗ್ಗೆ ಎದ್ದು ಒಂದಷ್ಟು ದೂರ ನಡೀರಿ," ಅಂದರು.

ಏನೂ ಇಲ್ಲ ಅಂದದ್ದಕ್ಕೆ ಸಮಾಧಾನ ಆಗಬೇಕಿತ್ತು. ಯಾಕೋ ಆಗಲಿಲ್ಲ.

ಅದೇ ಸಮಯದಲ್ಲಿ ಹೊಸ ಯಂತ್ರ ಕೂರಿಸಲು ಹೊರದೇಶದಿಂದ ಒಬ್ಬ ಎಂಜಿನಿಯರ್ ಬಂದಿದ್ದರು. ಐವತ್ತು ದಾಟಿದ ಮನುಷ್ಯ. ಕೆಲಸ ಮುಗಿದ ಮೇಲೆ ಚಡ್ಡಿ ತೊಟ್ಟು ಕಾಂಪೌಂಡಿನ ಒಳಗಿನ ರಸ್ತೆಯಲ್ಲಿ ಸುತ್ತು ಹೊಡೆಯುತ್ತಿದ್ದರು. ಗೇಟಿನವರು, ಕ್ಯಾಂಟೀನಿನವರು ನಿಂತು ನೋಡುತ್ತಿದ್ದರು. ಒಂದು ಸಂಜೆ ಪೈಪು ಹಾಕಲು ತೋಡಿದ್ದ ಗುಂಡಿಯ ಅಂಚಿನಲ್ಲಿ ಅವರ ಕಾಲು ಉಳುಕಿತು. ಇಬ್ಬರು ಹಿಡಿದುಕೊಂಡು ನನ್ನ ಕೋಣೆಗೆ ತಂದು ಕೂರಿಸಿದರು. ಐಸು ಇಟ್ಟು ಬ್ಯಾಂಡೇಜು ಕಟ್ಟಿ, ನಾಡಿ ನೋಡಲು ಕೈ ಹಿಡಿದೆ. ಅವರು ನಕ್ಕು ಇನ್ನೊಂದು ಕೈಯ ಗಡಿಯಾರವನ್ನು ಮುಂದೆ ಚಾಚಿದರು. ಅದರಲ್ಲಿ ಒಂದು ಪುಟ್ಟ ಹೃದಯದ ಚಿತ್ರ ಮಿಣುಕುತ್ತಿತ್ತು, ಪಕ್ಕದಲ್ಲಿ ಒಂದು ಅಂಕಿ. ನಾನು ಬೆರಳಿನಲ್ಲಿ ಎಣಿಸಿದೆ. ಅದೇ ಅಂಕಿ ಬಂತು. ಆಮೇಲೆ ಅವರು ಅಂಗಿ ಎತ್ತಿ, ಎದೆಯ ಸುತ್ತ ಬಿಗಿದಿದ್ದ ಪಟ್ಟಿಯೊಂದನ್ನು ತೋರಿಸಿದರು. ಬಡಿತವನ್ನು ಹಿಡಿಯುವುದು ಪಟ್ಟಿ, ತೋರಿಸುವುದು ಗಡಿಯಾರ. ನಡುವೆ ತಂತಿ ಇಲ್ಲ.

ವಾಪಸು ಹೋಗುವ ಮುಂಚಿನ ದಿನ ಕುಂಟುತ್ತಲೇ ಬಂದು ಒಂದು ಪ್ಲಾಸ್ಟಿಕ್ ಕವರು ಮೇಜಿನ ಮೇಲಿಟ್ಟರು. ಗಡಿಯಾರ, ಪಟ್ಟಿ. ಪಟ್ಟಿಯನ್ನು ಒಗೆದು ಒಣಗಿಸಿದ್ದರು. ಬೇಡ ಅಂದೆ. ತಮ್ಮ ಊರಿನಲ್ಲಿ ಇನ್ನೊಂದಿದೆ, ಇದು ಹಳೆಯದು, ನೀವು ಇಟ್ಟುಕೊಳ್ಳಿ ಅನ್ನುವಂತೆ ಕೈಸನ್ನೆ ಮಾಡಿ ಹೋದರು.

ಹೀಗೆ ನಾನು ಬೆಳಿಗ್ಗೆ ನಡೆಯಲು ಶುರುಮಾಡಿದೆ. ಪಟ್ಟಿಯ ಒಳಮೈಯನ್ನು ನೀರಿನಲ್ಲಿ ಒದ್ದೆ ಮಾಡಿ, ಜಾಕೀಟಿನ ಒಳಗೆ ಎದೆಯ ಕೆಳಗೆ ಬಿಗಿದುಕೊಳ್ಳಬೇಕು. ಚಳಿಗಾಲದಲ್ಲಿ ಆ ತಣ್ಣನೆ ರಬ್ಬರು ಮೈಗೆ ತಾಗಿದರೆ ಉಸಿರು ಒಂದು ಕ್ಷಣ ನಿಲ್ಲುತ್ತಿತ್ತು. ಮೇಲೆ ಸೀರೆ, ಕಾಲಿಗೆ ಕಾರ್ಖಾನೆಯಲ್ಲಿ ಕೊಟ್ಟಿದ್ದ ಬೂಟು. ಮನೆ ಮಾಲೀಕರ ಹೆಂಡತಿ ರಂಗೋಲಿ ಹಾಕುತ್ತಾ ತಲೆ ಎತ್ತಿ, "ಇದ್ಯಾಕಮ್ಮ ಗಂಡಸರ ವಾಚು ಕಟ್ಟಿದ್ದೀಯ," ಅಂತ ಕೇಳಿದರು. "ನಾಡಿ ನೋಡೋ ವಾಚು ಅಮ್ಮ," ಅಂದೆ. "ಹೂಂ, ನಿಂದು ಆಸ್ಪತ್ರೆ ಕೆಲಸ ಅಲ್ವಾ," ಅಂದು ಅವರು ಚುಕ್ಕಿ ಇಡುವುದನ್ನು ಮುಂದುವರಿಸಿದರು.

ಊರು ದಾಟಿ ರಾಮದೇವರ ಬೆಟ್ಟದ ಕಡೆಯ ರಸ್ತೆ ಹಿಡಿಯುತ್ತಿದ್ದೆ. ಎರಡು ಬದಿಗೂ ಬಂಡೆ, ನಡುನಡುವೆ ಹಿಪ್ಪುನೇರಳೆ ತೋಟ. ಕಾರ್ಖಾನೆಯ ಬಸ್ಸು ಬರುವ ಮುಂಚೆ ಹಿಂತಿರುಗಬೇಕು. ಅಂಕಿ ಎಂಬತ್ತರಲ್ಲಿ ಶುರುವಾಗಿ ಏರು ಬಂದಲ್ಲಿ ನೂರು ದಾಟುತ್ತಿತ್ತು, ಇಳಿಜಾರಿನಲ್ಲಿ ಇಳಿಯುತ್ತಿತ್ತು. ನೋಡುತ್ತಾ ನಡೆಯುವುದು ಅಭ್ಯಾಸವಾಯಿತು.

ಆಮೇಲೆ ನಡೆಯುವಾಗ ಮಾತ್ರ ಕಟ್ಟಿಕೊಳ್ಳುತ್ತಿದ್ದ ಪಟ್ಟಿಯನ್ನು ಮನೆಯಲ್ಲೂ ಕಟ್ಟಿಕೊಳ್ಳತೊಡಗಿದೆ. ಇದನ್ನು ಯಾರಿಗೂ ಹೇಳಿರಲಿಲ್ಲ. ಭಾನುವಾರ ಬಟ್ಟೆ ಒಗೆಯುವಾಗ, ಅಡುಗೆ ಮಾಡುವಾಗ, ಟಿವಿ ಮುಂದೆ ಕೂತಾಗ. ಒಬ್ಬರಿಗೆ ಮುದ್ದೆ ತೊಳಸುವುದು ಕಷ್ಟ, ಕೋಲಿಗೆ ಸಿಗುವಷ್ಟು ಹಿಟ್ಟೇ ಪಾತ್ರೆಯಲ್ಲಿ ಇರುವುದಿಲ್ಲ. ಆದರೂ ತೊಳಸುತ್ತಿದ್ದೆ. ಅಂಕಿ ಒಂದಿಷ್ಟು ಏರುತ್ತಿತ್ತು. ತಟ್ಟೆ ಮುಂದೆ ಕೂತರೆ ಇಳಿಯುತ್ತಿತ್ತು. ತಮ್ಮನ ಫೋನು ಬಂದರೆ ಏರುತ್ತಿತ್ತು. ಇಟ್ಟ ಮೇಲೆ ನಿಧಾನಕ್ಕೆ ಇಳಿಯುವುದನ್ನು ನೋಡುತ್ತಾ ಕೂರುತ್ತಿದ್ದೆ. ಮನೆಯಲ್ಲಿ ಅಲುಗಾಡುವ ವಸ್ತು ಅದೊಂದೇ ಆಗಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ, ಮಟ್ಟಸದ ದಾರಿಯಲ್ಲಿ ನಡೆಯುತ್ತಿದ್ದಾಗ ಗಡಿಯಾರದ ಅಂಕಿ ತೊಂಬತ್ತರಿಂದ ಒಮ್ಮೆಲೇ ನೂರಮೂವತ್ತಕ್ಕೆ ಹಾರಿತು. ನನಗೆ ಏದುಸಿರು ಇರಲಿಲ್ಲ, ಬೆವರಿರಲಿಲ್ಲ. ನಿಂತೆ. ಒಂದೆರಡು ನಿಮಿಷಕ್ಕೆ ತಾನಾಗಿ ತೊಂಬತ್ತಕ್ಕೆ ಬಂತು. ಆ ಹೊತ್ತಿಗೆ ಬುರ್ಖಾ ತೊಟ್ಟ ಒಬ್ಬ ಹೆಂಗಸು ನನ್ನನ್ನು ದಾಟಿ ದೂರ ಹೋಗಿದ್ದರು. ಅದಕ್ಕೂ ಇದಕ್ಕೂ ಆಗ ತಾಳೆ ಹಾಕಲಿಲ್ಲ. ಭಯವೊಂದೇ ಇತ್ತು. ಅಂದು ಕೆಲಸದಲ್ಲಿ ಎರಡು ಸಲ ಕೈ ಹಿಡಿದು ನೋಡಿಕೊಂಡೆ.

ಮತ್ತೆ ಒಂದೆರಡು ದಿನ ಬಿಟ್ಟು ಅದೇ ಆಯಿತು. ಈ ಸಲ ರಸ್ತೆ ಬದಿಯ ಮೋರಿ ಕಟ್ಟೆಯ ಮೇಲೆ ಕೂತು ಮಣಿಕಟ್ಟಿಗೆ ಬೆರಳಿಟ್ಟೆ. ಬೆರಳಿನ ಲೆಕ್ಕದಲ್ಲಿ ತೊಂಬತ್ತೂ ಇಲ್ಲ. ಗಡಿಯಾರದಲ್ಲಿ ನೂರಮೂವತ್ತೆರಡು. ಎರಡರಲ್ಲಿ ಒಂದು ಸುಳ್ಳು. ಅಷ್ಟರಲ್ಲಿ ಕಪ್ಪು ಬುರ್ಖಾದ ಆ ಹೆಂಗಸು ಹತ್ತಿರ ಬಂದು ನಿಂತರು. ಮುಖದ ಪರದೆ ಮೇಲೆತ್ತಿದ್ದರು. ಐವತ್ತರ ಆಸುಪಾಸು, ದುಂಡು ಮುಖ, ಹಣೆಯ ಮೇಲೆಲ್ಲ ಬೆವರು.

"ಏನಾಯ್ತಮ್ಮ? ತಲೆ ಸುತ್ತಾ ಐತಾ?"

ನಾನು ತಲೆ ಎತ್ತಿದೆ. ನನ್ನ ಕಡೆ ಚಾಚಿದ ಅವರ ಕೈಯಲ್ಲಿ, ಕಪ್ಪು ತೋಳಿನ ಅಂಚಿನಿಂದ ಇಣುಕುತ್ತಿದ್ದದ್ದು ನನ್ನಂಥದೇ ಗಡಿಯಾರ.

"ಒಸಿ ಕೈ ಕೊಡಿ," ಅಂದೆ.

ಅವರು ಗಾಬರಿಯಾದರು. "ಯಾಕೆ?"

"ನಾನು ನರ್ಸು. ನಾಡಿ ನೋಡ್ತೀನಿ."

ನನ್ನ ಪಕ್ಕದಲ್ಲೇ ಕಟ್ಟೆಯ ಮೇಲೆ ಕೂತು ಕೈ ಕೊಟ್ಟರು. ಬೆರಳಿಗೆ ಬಡಿತ ಬಿರುಸಾಗಿ ಸಿಕ್ಕಿತು. ನನ್ನ ಗಡಿಯಾರದಲ್ಲಿದ್ದದ್ದು ಅವರ ಬಡಿತ. ಅವರ ಎದೆಯಲ್ಲೂ ಪಟ್ಟಿ ಇದೆಯಾ ಅಂತ ಕೇಳಿದೆ. ಇದೆ ಅಂದರು. ಇಬ್ಬರ ಪಟ್ಟಿಯೂ ಒಂದೇ ಥರದ್ದು, ಹತ್ತಿರ ಬಂದರೆ ಒಂದರದ್ದು ಇನ್ನೊಂದಕ್ಕೆ ಬರುತ್ತಿದೆ ಅಂತ ಅವರಿಗೆ ಬಿಡಿಸಿ ಹೇಳಿದೆ.

ಅವರು ಒಮ್ಮೆ ನನ್ನ ಕೈಯನ್ನೂ ಒಮ್ಮೆ ತಮ್ಮ ಕೈಯನ್ನೂ ನೋಡಿಕೊಂಡರು. "ಅಂದ್ರೆ ನನ್ ದಿಲ್ಲು ನಿಮ್ ಗಡಿಯಾರಕ್ಕೆ ಬಂದ್ಬುಟ್ಟೈತೆ ಅಂತೀರಾ ಸಿಸ್ಟರ್?"

"ಹೂಂ."

ಅವರು ನಕ್ಕರು. ನಾನೂ ನಕ್ಕೆ. ಅಮ್ಮ ಹೋದ ಮೇಲೆ ಒಬ್ಬರ ಪಕ್ಕದಲ್ಲಿ ಕೂತು ನಕ್ಕದ್ದು ಅದೇ ಮೊದಲು ಇರಬೇಕು.

ಅವರನ್ನು ನಾನು ಆಪಾ, ಅಂದರೆ ಅಕ್ಕ, ಅನ್ನತೊಡಗಿದೆ. ಹಳೇ ಊರಿನ ಕಡೆ ಅವರ ಮನೆ. ಗಂಡನದ್ದು ಗೂಡಿನಿಂದ ರೇಷ್ಮೆ ನೂಲು ಬಿಚ್ಚುವ ರೀಲಿಂಗ್ ಕೆಲಸ, ಮನೆಯ ಹಿಂದೆಯೇ ಘಟಕ. ಆಪಾಗೆ ಬೆಂಗಳೂರಿನಲ್ಲಿ ಹೃದಯದ ಆಪರೇಷನ್ ಆಗಿತ್ತು. ಕೆಟ್ಟುಹೋದ ಕವಾಟ ತೆಗೆದು ಲೋಹದ ಕವಾಟ ಹಾಕಿದ್ದರು. ದಿನಾ ನಡೆಯಬೇಕು, ಆದರೆ ಬಡಿತ ಇಷ್ಟರ ಮೇಲೆ ಹೋಗಬಾರದು ಅಂತ ಡಾಕ್ಟರು ಹೇಳಿದ್ದರಂತೆ. ದುಬೈನಲ್ಲಿ ಕೆಲಸಕ್ಕಿದ್ದ ಅವರ ತಮ್ಮ ಇದನ್ನು ಕಳಿಸಿ, ಫೋನಿನಲ್ಲೇ ಹೇಗೆ ಕಟ್ಟಿಕೊಳ್ಳಬೇಕು ಅಂತ ತಿಳಿಸಿದ್ದ. ಮಿತಿ ದಾಟಿದಾಗ ಗಡಿಯಾರ ಕೀ ಕೀ ಅನ್ನುತ್ತಿತ್ತು. ಅದು ಯಾಕೆ ಕೂಗುತ್ತದೆ ಅನ್ನುವುದನ್ನು ಹೇಳಲು ಅವನು ಮರೆತಿದ್ದ.

"ನಾನು ಸೆಲ್ಲು ಮುಗೀತಾ ಐತೆ ಅಂದ್ಕೊಂಡಿದ್ದೆ," ಅಂದರು ಆಪಾ. ಗಂಡನಿಗೆ ಚಹಾ ಕೊಡುವ ಹೊತ್ತಿಗೆ ಮನೆಯಲ್ಲಿರಬೇಕು ಅಂತ ಅವರು ದಿನಾ ಓಡೋಡಿ ನಡೆಯುತ್ತಿದ್ದರು.

"ಅದು ಕೂಗಿದ್ರೆ ನಿಂತ್ಕೊಳ್ಳಿ ಅಂತ. ಇನ್ಮೇಲೆ ಒಸಿ ನಿಧಾನಕ್ಕೆ ನಡೆಯೋಣ," ಅಂದೆ.

ನಡೆಯೋಣ ಅಂದದ್ದು ಬಾಯಿತಪ್ಪಿ. ಆದರೆ ಮರುದಿನ ಅವರು ಮೋರಿ ಕಟ್ಟೆಯ ಹತ್ತಿರ ನಿಂತು ನನಗಾಗಿ ಕಾಯುತ್ತಿದ್ದರು.

ಜೊತೆಯಲ್ಲಿ ನಡೆದರೆ ಅಂಕಿ ಕಲಸಿಹೋಗುತ್ತಿತ್ತು. ಮೊದಲ ಕೆಲವು ದಿನ ಅವರು ರಸ್ತೆಯ ಆ ಬದಿ, ನಾನು ಈ ಬದಿ. ಮಾತಾಡಬೇಕಾದರೆ ಕೂಗಿ ಹೇಳಬೇಕು. ಹಾಲಿನ ಕ್ಯಾನು ಹೊತ್ತು ಸೈಕಲ್ಲಿನಲ್ಲಿ ಬರುವವರು ನಮ್ಮ ನಡುವೆ ಹಾದುಹೋಗುವಾಗ ಇಬ್ಬರನ್ನೂ ನೋಡಿಕೊಂಡು ಹೋಗುತ್ತಿದ್ದರು, ಜಗಳ ಆಡಿಕೊಂಡಿದ್ದೇವೆ ಅಂದುಕೊಂಡಿರಬೇಕು. ಆಮೇಲೆ ನಾನು ನನ್ನ ಪಟ್ಟಿಯನ್ನು ಮನೆಯಲ್ಲೇ ಬಿಟ್ಟು ಬರಿ ಗಡಿಯಾರ ಕಟ್ಟಿಕೊಂಡು ಬಂದೆ. ಆಪಾ ಪಕ್ಕಕ್ಕೆ ಬಂದರೆ ಅವರ ಬಡಿತ ನನ್ನ ಕೈಯಲ್ಲೂ ಕಾಣಿಸುತ್ತಿತ್ತು. ಏರಿದರೆ ನಾನೇ ಕಾಲು ಎಳೆಯುತ್ತಿದ್ದೆ. ಹೇಳದೆಯೇ ಅವರೂ ನಿಧಾನ ಮಾಡುತ್ತಿದ್ದರು. ನನ್ನದು ಎಷ್ಟಿದೆ ಅಂತ ನೋಡಿಕೊಳ್ಳುವುದು ಬಿಟ್ಟೇಹೋಯಿತು. ಬೀಗ ತೆಗೆಯುವಾಗ ಎದೆ ಹೊಡೆದುಕೊಳ್ಳುವುದು ಯಾವಾಗ ನಿಂತಿತೋ ಗೊತ್ತಾಗಲಿಲ್ಲ. ಒಂದು ದಿನ ಡಾಕ್ಟರು ಕೇಳಿದಾಗಲೇ ನೆನಪಾದದ್ದು.

ಬಂಡೆಗಳ ನಡುವೆ ಗಾಳಿ ಇಲ್ಲದ ಒಂದು ಬೆಳಿಗ್ಗೆ, ಇಬ್ಬರೂ ಮಾತು ನಿಲ್ಲಿಸಿದ್ದಾಗ, ಸಣ್ಣಗೆ ಟಿಕ್ ಟಿಕ್ ಅನ್ನುವ ಶಬ್ದ ಕೇಳಿಸಿತು. ಮುಳ್ಳಿಲ್ಲದ ನನ್ನ ಗಡಿಯಾರ ಶಬ್ದ ಮಾಡುವಂಥದ್ದಲ್ಲ.

"ಕೇಳ್ತಾ ಐತಾ?" ಅಂದರು ಆಪಾ.

"ಹೂಂ."

"ಕಬ್ಬಿಣದ್ದು ಹಾಕವ್ರಲ್ಲ, ಅದು ಮುಚ್ಚಿ ತೆಗೆಯೋ ಸದ್ದು. ಆಪರೇಷನ್ ಆಗಿ ಬಂದಾಗಿಂದ ಇವ್ರು ಬೇರೆ ಕೋಣೇಲಿ ಮಲಗ್ತಾರೆ. ನಿದ್ದೆ ಬರಾಕಿಲ್ಲ ಅಂತ. ಬೈಯೋ ಮನುಷ್ಯ ಅಲ್ಲ, ಒಳ್ಳೇವ್ರೇ. ಸೊಸೆ ನನ್ ಪಕ್ಕ ಕೂತ್ರೆ ಟಿವಿ ಸೌಂಡು ಜಾಸ್ತಿ ಮಾಡ್ಕೋತಾಳೆ. ಮನೆ ತುಂಬ ಜನ ಸಿಸ್ಟರ್. ಎದೆ ಮಾತು ಎತ್ತಿದ್ರೆ ಒಬ್ಬೊಬ್ಬರೇ ಎದ್ದೋಗ್ತಾರೆ. ಅವ್ರಿಗೂ ಭಯ."

"ನಿಮಗೆ?"

"ಸದ್ದು ಇದ್ರೆ ಭಯ ಇಲ್ಲ. ನಿಂತ್ರೆ ಅಂತ ಕೇಳ್ತಾ ಮಲಗಿರ್ತೀನಿ."

ಸ್ವಲ್ಪ ದೂರ ನಡೆದ ಮೇಲೆ, ಮನೆಯಲ್ಲಿ ಒಬ್ಬಳೇ ಕೂತಾಗ ಪಟ್ಟಿ ಕಟ್ಟಿಕೊಂಡು ಅಂಕಿ ನೋಡುತ್ತಿದ್ದ ವಿಷಯವನ್ನು ಅವರಿಗೆ ಹೇಳಿದೆ. ಅವರು ನಗಲಿಲ್ಲ. "ಗೊತ್ತಾಯ್ತು," ಅಂದರು.

ಒಂದು ಭಾನುವಾರ ಅವರ ಮನೆಗೆ ಹೋದೆ. ಓಣಿಯ ತುದಿಯಲ್ಲೇ ಬೇಯಿಸಿದ ಗೂಡಿನ ವಾಸನೆ ಮೂಗಿಗೆ ಬಡಿಯಿತು. ಹುಳು ಸಾಕುವ ಊರಿನಲ್ಲಿ ಹುಟ್ಟಿದ ನನಗೂ ಆ ವಾಸನೆ ಒಗ್ಗಿರಲಿಲ್ಲ, ನಮ್ಮ ಕಡೆ ಗೂಡು ಮಾರ್ಕೆಟ್ಟಿಗೆ ಹೋದ ಮೇಲೆ ಏನಾಗುತ್ತದೆ ಅಂತ ನೋಡುವವರಿರಲಿಲ್ಲ. ಮನೆಯ ಹಿಂದೆ ಬಿಸಿನೀರಿನ ತೊಟ್ಟಿಗಳ ಮುಂದೆ ಹೆಂಗಸರು ಕೂತು ಎಳೆ ಹಿಡಿಯುತ್ತಿದ್ದರು. ಎರಡು ತೊಟ್ಟಿಗಳ ಮುಂದೆ ಯಾರೂ ಇರಲಿಲ್ಲ. ಆಪಾ ಅವರ ಗಂಡ ಎದ್ದು ಬಂದು ಕುರ್ಚಿ ಹಾಕಿಸಿದರು.

"ನಿಮ್ಮಿಂದ ಇವಳ ಮುಖದಲ್ಲಿ ಒಸಿ ಕಳೆ ಬಂದೈತೆ ಸಿಸ್ಟರ್," ಅಂದರು. ಹೆಂಡತಿಯ ಕಡೆ ನೋಡದೆ, ನೆಲ ನೋಡುತ್ತಾ ಹೇಳಿದರು.

ಮೊಮ್ಮಗಳು, ಇನ್ನೂ ಶಾಲೆಗೆ ಸೇರದವಳು, ಆಪಾ ಅವರ ತೊಡೆ ಏರಿ ಎದೆಗೆ ಕಿವಿಯಿಟ್ಟು, "ದಾದಿ ಟಿಕ್ ಟಿಕ್," ಅಂದಳು. ಅವರ ಮನೆಮಾತಿನಲ್ಲಿ ದಾದಿ ಅಂದರೆ ಅಜ್ಜಿ. ಕನ್ನಡದಲ್ಲಿ ದಾದಿ ಅಂದರೆ ನಾನು ಅಂತ ಹೇಳಿದೆ. ಆಪಾ ಅದನ್ನು ಸೊಸೆಗೆ, ಗಂಡನಿಗೆ, ಒಳಗೆ ಕೆಲಸ ಮಾಡುತ್ತಿದ್ದ ಹೆಂಗಸರಿಗೆಲ್ಲ ಹೇಳಿ ನಗಿಸಿದರು. ಆಮೇಲೆ ಆ ಮಗು ನನ್ನ ಎದೆಗೂ ಕಿವಿಯಿಟ್ಟು ನೋಡಿತು. ಏನೂ ಕೇಳಿಸದೆ ಸಪ್ಪೆ ಮುಖ ಮಾಡಿಕೊಂಡು ಇಳಿದು ಹೋಯಿತು.

ಹೀಗೆ ಒಂದು ವರ್ಷದ ಮೇಲೆ ನಡೆದಿರಬೇಕು. ರಕ್ತ ತೆಳುವಾಗಿಡುವ ಮಾತ್ರೆ ನುಂಗುವವರಿಗೆ ಆಗಾಗ ಪರೀಕ್ಷೆ ಆಗಬೇಕು. ನಾನೇ ಆಪಾ ಅವರನ್ನು ಲ್ಯಾಬಿಗೆ ಕರೆದುಕೊಂಡು ಹೋಗುತ್ತಿದ್ದೆ. ರಂಜಾನ್ ತಿಂಗಳಲ್ಲಿ ಅವರು ಬರುತ್ತಿರಲಿಲ್ಲ. ಆ ತಿಂಗಳು ರಸ್ತೆ ಬಹಳ ಉದ್ದ ಅನಿಸುತ್ತಿತ್ತು.

ಆ ವರ್ಷಗಳಲ್ಲಿ ರಾಮನಗರದ ಬೆಳಗು ಬದಲಾಗುತ್ತಿತ್ತು. ಕಾರ್ಖಾನೆಗಳ ಬಸ್ಸು, ಗಾರ್ಮೆಂಟ್ಸಿನ ಬಸ್ಸು, ಮಿನಿ ಲಾರಿಗಳಲ್ಲಿ ನಿಂತು ಹೋಗುವ ಹುಡುಗಿಯರು. ಅಕ್ಕೂರಿನ ಕಡೆಯಿಂದಲೂ ಬರುತ್ತಿದ್ದರು. ಒಂದು ದಿನ ಆಪಾ ನಡೆಯುತ್ತಾ ಹೇಳಿದರು. "ನಮ್ ಘಟಕ ಮುಚ್ತಾ ಅವ್ರೆ ಸಿಸ್ಟರ್."

"ಯಾಕೆ ಆಪಾ?"

"ಕೆಲಸಕ್ಕೆ ಯಾರವ್ರೆ? ಬಿಸಿನೀರಿಗೆ ಕೈ ಹಾಕೋಕೆ ಯಾರಿಗೆ ಬೇಕು? ಹುಡುಗೀರೆಲ್ಲ ಬಸ್ ಹತ್ತ್ಬುಟ್ರು. ಹೋಗ್ಲಿ ಬಿಡಿ, ಅಲ್ಲಿ ಫ್ಯಾನು ಐತೆ, ಕೂತ್ಕೊಳ್ಳೋಕೆ ಸ್ಟೂಲು ಐತೆ. ನನ್ ಮಗಳಾಗಿದ್ರೂ ಕಳಿಸ್ತಿದ್ದೆ."

ಮಾಗಡಿಯಲ್ಲಿ ಅವರ ನಾದಿನಿಯ ಗಂಡನದ್ದು ಮರದ ವ್ಯಾಪಾರ. ಅಲ್ಲಿ ಜೊತೆ ಸೇರಿಕೊಳ್ಳುವುದು ಅಂತ ಗಂಡ, ಮಗ ನಿರ್ಧಾರ ಮಾಡಿದ್ದರು. ಮನೆ ಸಮೇತ ಅಲ್ಲಿಗೇ ಹೋಗುವುದು.

"ಮಾಗಡಿ ಎಷ್ಟು ದೂರ? ಬಸ್ಸಿನಲ್ಲಿ ಕೂತ್ರೆ ಬಂದೇಬುಡ್ತೀನಿ," ಅಂದೆ.

"ನೀವು ಬತ್ತೀರಿ. ನಾನು ಬರೋಕಾಯ್ತದಾ?" ಅಂದರು.

ಅವರು ಹೋದದ್ದು ವಾರದ ನಡುವೆ ಒಂದು ದಿನ, ನಾನು ಕೆಲಸದಲ್ಲಿದ್ದಾಗ. ಹಿಂದಿನ ಬೆಳಿಗ್ಗೆ ಮೋರಿ ಕಟ್ಟೆಯ ಹತ್ತಿರ ನನ್ನ ಕೈ ಹಿಡಿದು ಬಹಳ ಹೊತ್ತು ನಿಂತಿದ್ದರು. ನಾನು ಗಡಿಯಾರ ನೋಡಲಿಲ್ಲ. ಮರುದಿನ ಒಬ್ಬಳೇ ನಡೆದೆ. ಗಡಿಯಾರದಲ್ಲಿ ಅಂಕಿಯ ಜಾಗದಲ್ಲಿ ಎರಡು ಗೀಟು ಮಾತ್ರ ಇತ್ತು. ಮನೆಗೆ ಬಂದು ಬೀರುವಿನಲ್ಲಿ ಮಡಚಿಟ್ಟಿದ್ದ ನನ್ನ ಪಟ್ಟಿಯನ್ನು ಹುಡುಕಿ, ನೀರಿನಲ್ಲಿ ಒದ್ದೆ ಮಾಡಿ ಕಟ್ಟಿಕೊಂಡೆ. ಅಂಕಿ ಬಂತು. ಎಂಬತ್ತನಾಲ್ಕು. ಯಾರದೋ ಬಡಿತ ನೋಡುತ್ತಿದ್ದೇನೆ ಅನಿಸಿ, ಬಿಚ್ಚಿ ಬಕೆಟ್ಟಿನ ಅಂಚಿಗೆ ಹಾಕಿ ಕೆಲಸಕ್ಕೆ ಹೋದೆ.

ಒಂದು ತಿಂಗಳು ಬಿಟ್ಟು ಮಾಗಡಿಗೆ ಹೋದೆ. ದಾರಿಯುದ್ದಕ್ಕೂ ಒಣ ಹೊಲ, ಹುರುಳಿ, ಆಮೇಲೆ ತೆಂಗಿನ ತೋಟ. ಮರದ ಅಂಗಡಿಯ ಹಿಂದೆ, ಮಹಡಿಯ ಮೇಲೆ ಅವರ ಮನೆ. ಆಪಾ ಸೊರಗಿಹೋಗಿದ್ದರು. ನಡೆಯುತ್ತಿದ್ದೀರಾ ಅಂತ ಕೇಳಿದೆ.

"ಎಲ್ಲಿ? ಇಲ್ಲಿ ಬೀದಿ ಗೊತ್ತಿಲ್ಲ, ಜನ ಗೊತ್ತಿಲ್ಲ. ಒಬ್ಬಳೇ ಹೋಗ್ಬೇಡ ಅಂತಾರೆ. ಜೊತೇಲಿ ಬರೋರು ಯಾರೂ ಇಲ್ಲ."

"ಪಟ್ಟಿ?"

"ಬೀರೂಲಿ ಐತೆ."

ತರಿಸಿ ನಾನೇ ಕಟ್ಟಿದೆ. ಇಬ್ಬರೂ ತಾರಸಿಗೆ ಹೋದೆವು. ನೀರಿನ ತೊಟ್ಟಿಯ ಸುತ್ತ, ಒಣಹಾಕಿದ್ದ ಮೆಣಸಿನಕಾಯಿ ತುಳಿಯದಂತೆ ಸುತ್ತು ಹಾಕಿದೆವು. ನನ್ನ ಗಡಿಯಾರಕ್ಕೆ ಅವರ ಅಂಕಿ ಬಂತು. ಕೆಳಗೆ ಮರ ಕೊಯ್ಯುವ ಯಂತ್ರದ ಸದ್ದಿಗೆ ಅವರ ಎದೆಯ ಸದ್ದು ಕೇಳುತ್ತಿರಲಿಲ್ಲ.

"ಇಲ್ಲಿ ನಂಗೂ ಕೇಳ್ಸಾಕಿಲ್ಲ ಹಗಲೊತ್ತು," ಅಂದರು ಆಪಾ. "ಇವ್ರು ಈಗ ನನ್ ಕೋಣೇಲೇ ಮಲಗ್ತಾರೆ. ಮನೆ ಸಣ್ಣದಲ್ವಾ."

"ಒಳ್ಳೇದಾಯ್ತಲ್ಲ."

"ಹೂಂ. ಕಿವಿಗೆ ಹತ್ತಿ ಇಟ್ಕೋತಾರೆ."

ಇಬ್ಬರೂ ನಕ್ಕೆವು, ಆದರೆ ರಾಮನಗರದ ರಸ್ತೆಯಲ್ಲಿ ನಗುತ್ತಿದ್ದ ಹಾಗಿರಲಿಲ್ಲ. ಹೊರಡುವಾಗ, ದಿನಾ ತಾರಸಿಯಲ್ಲಾದರೂ ನಡೆಯಿರಿ, ಮಾತ್ರೆ ತಪ್ಪಿಸಬೇಡಿ, ಪರೀಕ್ಷೆ ಮಾಡಿಸಿ ಅಂತ ಸೊಸೆಗೂ ಹೇಳಿದೆ. ಸೊಸೆ ತನ್ನ ಮೊಬೈಲ್ ನಂಬರು ಕೊಟ್ಟಳು.

ಮತ್ತೆ ಎರಡು ಮೂರು ಸಲ ಹೋದೆ. ಆಮೇಲೆ ಕಾರ್ಖಾನೆಯಲ್ಲಿ ಭಾನುವಾರವೂ ಶಿಫ್ಟು ಬಂತು. ಫೋನು ಮಾಡಿದರೆ ಸೊಸೆ ಎತ್ತುತ್ತಿದ್ದಳು, ಆಪಾಗೆ ಕೊಡುತ್ತಿದ್ದಳು. ಪಕ್ಕದಲ್ಲಿ ಜನ ಇರುವಾಗ ಆಪಾ "ಚೆನ್ನಾಗಿದ್ದೀನಿ, ನೀವು ಚೆನ್ನಾಗಿದ್ದೀರಾ, ಊಟ ಆಯ್ತಾ" ಅನ್ನುವುದಕ್ಕಿಂತ ಹೆಚ್ಚು ಮಾತಾಡುತ್ತಿರಲಿಲ್ಲ. ನನಗೂ ಫೋನಿನಲ್ಲಿ ಮಾತು ಸಿಗುತ್ತಿರಲಿಲ್ಲ. ನಮ್ಮ ಸ್ನೇಹ ಕಾಲಿನದ್ದು, ಜೊತೆಯಲ್ಲಿ ನಡೆದದ್ದು. ಕೂತಲ್ಲಿಂದ ಅದನ್ನು ಹೇಗೆ ಮುಂದುವರಿಸಬೇಕು ಅಂತ ಇಬ್ಬರಿಗೂ ತಿಳಿಯಲಿಲ್ಲ.

ಆ ಬೇಸಿಗೆಯಲ್ಲಿ ನನ್ನ ಪಟ್ಟಿಯ ಸೆಲ್ಲು ಮುಗಿಯಿತು. ರಾಮನಗರದ ಗಡಿಯಾರದ ಅಂಗಡಿಯವರು ಅತ್ತಿತ್ತ ತಿರುಗಿಸಿ ನೋಡಿ, ಇದನ್ನು ಬಿಚ್ಚಲು ಬರುವುದಿಲ್ಲ, ಒಡೆಯಬೇಕಷ್ಟೆ ಅಂದರು. ಬೇಡ ಅಂದು ವಾಪಸು ತಂದೆ. ನಡೆಯುವುದನ್ನು ಬಿಡಲಿಲ್ಲ. ಅಂಕಿ ಇಲ್ಲದೆಯೂ ಏರಿನಲ್ಲಿ ಎಷ್ಟಿರುತ್ತದೆ, ಇಳಿಜಾರಿನಲ್ಲಿ ಎಷ್ಟಿರುತ್ತದೆ ಅಂತ ಗೊತ್ತಿತ್ತು.

ಮುಂದಿನ ವರ್ಷ ಸೊಸೆಯ ನಂಬರಿಗೆ ಫೋನು ಹೋಗದಾಯಿತು. ಚಾಲ್ತಿಯಲ್ಲಿಲ್ಲ ಅಂತ ಹೆಣ್ಣು ದನಿಯೊಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹೇಳಿತು. ಕೆಲವು ದಿನ ಕಾದು, ರಜೆ ಹಾಕಿ ಮಾಗಡಿಗೆ ಹೋದೆ. ಮರದ ಅಂಗಡಿ ಇತ್ತು. ಗಲ್ಲಾದಲ್ಲಿ ಬೇರೆ ಯಾರೋ ಕೂತಿದ್ದರು. ಮಹಡಿಯ ಬಾಗಿಲಿಗೆ ಹೊಸ ಬಣ್ಣ ಬಳಿದಿತ್ತು.

"ಅವರೆಲ್ಲ ನೆಲಮಂಗಲದ ಕಡೆ ಹೋದ್ರು ಕಣಮ್ಮ. ಹೈವೇಲಿ ಗೋಡೌನು ಮಾಡವ್ರಂತೆ," ಅಂದರು ಗಲ್ಲಾದವರು.

"ಮನೆಯವರು, ಆ ಅಮ್ಮ ಹೆಂಗಿದ್ದಾರೆ? ಹಾರ್ಟ್ ಆಪರೇಷನ್ ಆಗಿತ್ತಲ್ಲ, ಅವರು?"

ಅವರು ಸ್ವಲ್ಪ ಯೋಚನೆ ಮಾಡಿದರು. ನಿಜಕ್ಕೂ ನೆನಪು ಮಾಡಿಕೊಳ್ಳಲು ನೋಡಿದರು. "ಒಳಗಿನೋರು ನಮಗೆ ಗೊತ್ತಾಗಾಕಿಲ್ಲ ಕಣಮ್ಮ. ಗಂಡಸರ ಜೊತೆ ಅಷ್ಟೇ ವ್ಯವಹಾರ."

ನೆಲಮಂಗಲದಲ್ಲಿ ಎಲ್ಲಿ ಅಂತ ಅವರಿಗೆ ಗೊತ್ತಿರಲಿಲ್ಲ. ನನ್ನ ನಂಬರು ಕೊಟ್ಟೆ. ಯಾರಾದರೂ ಬಂದರೆ ಸಿಸ್ಟರ್ ಬಂದಿದ್ದರು ಅಂತ ಹೇಳಿ ಅಂದೆ. ಆಗಲಿ ಅಂದರು. ಆ ಫೋನು ಬರಲಿಲ್ಲ.

ಬಸ್ ಸ್ಟ್ಯಾಂಡಿಗೆ ಬಂದು ರಾಮನಗರದ ಬಸ್ಸಿಗೆ ಕಾದೆ. ಪಕ್ಕದಲ್ಲಿ ಒಬ್ಬ ಅಜ್ಜಿ ಸೀಬೆಹಣ್ಣಿನ ಬುಟ್ಟಿ ಇಟ್ಟುಕೊಂಡು ಕೂತಿದ್ದರು. ಬಸ್ಸು ತಡವಾಯಿತು. ಬಿಸಿಲು ನಮ್ಮ ಕಾಲಿನ ಹತ್ತಿರ ಬಂದಾಗ ಅವರು ಬುಟ್ಟಿಯನ್ನು ಒಳಕ್ಕೆ ಎಳೆದುಕೊಂಡು, ನನಗೂ ಸರಿಯಲು ಹೇಳಿದರು.

"ಯಾರ ಮನೆಗೆ ಬಂದಿದ್ದೆವ್ವ?"

"ಗೊತ್ತಿರೋರ ಮನೆಗೆ."

"ಸಿಕ್ಕಿದ್ರಾ?"

"ಇಲ್ಲ ಅಜ್ಜಿ. ಊರು ಬಿಟ್ಟು ಹೋಗವ್ರೆ."

ಅವರು ತಲೆಯಾಡಿಸಿ, ಸೀಬೆಹಣ್ಣೊಂದನ್ನು ಸೆರಗಿನಲ್ಲಿ ಒರೆಸಿ ನನ್ನ ಕೈಗಿಟ್ಟರು. ಕಾಸು ಕೊಡಲು ಹೋದರೆ ಬೇಡ ಅಂದರು. ಬಸ್ಸು ಬಂತು. ಕಿಟಕಿ ಪಕ್ಕ ಜಾಗ ಸಿಕ್ಕಿತು. ಊರು ದಾಟಿ ತೆಂಗಿನ ತೋಟ ಶುರುವಾದ ಮೇಲೆ ಹಣ್ಣು ತಿಂದೆ.